ಬ್ಯಾಂಕಾಕ್‌ನ ಸೆಖೆ, ಗುಬ್ಬಿಯ ಬಿಸಿಲು: ಥಾಯ್ ಹಣ್ಣಿನ ಗಿಡ ನೆಡುವ ಮೊದಲು ಹವಾಮಾನ ಹೋಲಿಸೋದು ಹೇಗೆ?

2021ರ ಜೂನ್‌ನಲ್ಲಿ ನಾನು 60 ಗಿಡ ನೆಟ್ಟೆ. ರಂಬುಟಾನ್ 30, ಮ್ಯಾಂಗೋಸ್ಟೀನ್ 20, ಡುರಿಯನ್ 10. 2024ರ ಮೇ ಕೊನೆಗೆ ಉಳಿದಿದ್ದು 14. ಗಿಡ, ಗುಂಡಿ, ಗೊಬ್ಬರ, ಡ್ರಿಪ್, ನೆರಳುಪರದೆ, ಮೂರು ವರ್ಷದ ಆಳಿನ ಖರ್ಚು ಎಲ್ಲಾ ಸೇರಿ ಹತ್ತಿರ ಹತ್ತಿರ 1 ಲಕ್ಷ 40 ಸಾವಿರ ಹೋಯ್ತು. ಅದರಲ್ಲಿ ಅರ್ಧ ಅಮ್ಮನ ಬಳೆ ಅಡವಿಟ್ಟು ತಂದ ದುಡ್ಡು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಮ್ಮ ತೋಟ ಇರೋದು ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನಲ್ಲಿ. ತೆಂಗು, ಅಡಿಕೆ, ಸ್ವಲ್ಪ ರಾಗಿ. ಗಿಡ ಕೊಟ್ಟ ನರ್ಸರಿಯವರು ಹೇಳಿದ ಮಾತು ಈಗಲೂ ನೆನಪಿದೆ: "ಬ್ಯಾಂಕಾಕ್ ಇರೋದೂ ನಿಮ್ಮ ಅಕ್ಷಾಂಶದಲ್ಲೇ. ಅಲ್ಲೂ ಇದೇ ಬಿಸಿಲು. ಅಲ್ಲಿ ಬೆಳೆದಿದ್ದು ಇಲ್ಲಿ ಯಾಕೆ ಬೆಳೆಯಲ್ಲ?" ಫೋನಿನಲ್ಲಿ ನೋಡಿದೆ. ಹೌದು, ಗುಬ್ಬಿ 13.3 ಡಿಗ್ರಿ ಉತ್ತರ, ಬ್ಯಾಂಕಾಕ್ 13.75 ಡಿಗ್ರಿ ಉತ್ತರ. ಮಾತು ಸುಳ್ಳಲ್ಲ. ಆದ್ರೆ ಪೂರ್ತಿ ನಿಜವೂ ಅಲ್ಲ.

ಕಳೆದ ವರ್ಷ ಮೇ ತಿಂಗಳಲ್ಲಿ ನಮ್ಮ ಭಾವ ಕಂಪನಿ ಕೆಲಸದ ಮೇಲೆ ಬ್ಯಾಂಕಾಕ್‌ಗೆ ಹೊರಟರು. "ಬಾ, ರೂಮು ನಂದು, ಟಿಕೆಟ್ ನಿಂದು" ಅಂದರು. ನಾಲ್ಕು ದಿನ ಇದ್ದೆ. ದೇವಸ್ಥಾನ ಒಂದು ನೋಡಿದೆ, ಮಿಕ್ಕಿದ್ದೆಲ್ಲಾ ಹಣ್ಣು, ಗಿಡ, ಮಣ್ಣು. ನನ್ನ 46 ಗಿಡ ಯಾಕೆ ಸತ್ತವು ಅನ್ನೋದು ಅಲ್ಲಿ ಗೊತ್ತಾಯ್ತು. ನೀವೂ ಯೂಟ್ಯೂಬ್ ನೋಡಿ ಥಾಯ್ ಹಣ್ಣು ಹಾಕೋ ಯೋಚನೆಯಲ್ಲಿದ್ದರೆ, ಗುಂಡಿ ತೆಗೆಯೋ ಮೊದಲು ಇದನ್ನು ಓದಿ.

ಒಂದೇ ಅಕ್ಷಾಂಶ, ಬೇರೆ ಬೇರೆ ಹವೆ

ಉಷ್ಣವಲಯ ಅಂದ್ರೆ ಒಂದೇ ತರದ ಹವೆ ಅಂತ ನಾವು ತಿಳಿದಿರ್ತೀವಿ. ಹಾಗಿಲ್ಲ. ಬೆಳೆಗಾರನ ಲೆಕ್ಕದಲ್ಲಿ ಅದನ್ನ ಮೂರು ಗುಂಪು ಮಾಡಬಹುದು.

ಮೊದಲನೆಯದು, ವರ್ಷವಿಡೀ ಮಳೆ ಬರುವ ಜಾಗ. ಸಿಂಗಪುರ, ಕೌಲಾಲಂಪುರ ಈ ತರದವು. ಅಲ್ಲಿ ನಿಜವಾದ ಒಣ ತಿಂಗಳು ಅನ್ನೋದೇ ಇಲ್ಲ.

ಎರಡನೆಯದು, ಮಳೆಗಾಲದಲ್ಲಿ ಸುರಿದು ಉಳಿದ ತಿಂಗಳು ಒಣಗುವ ಕರಾವಳಿ. ನಮ್ಮ ಮಂಗಳೂರು, ಪುತ್ತೂರು ಕಡೆ ಹೀಗೆ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹೆಚ್ಚುಕಮ್ಮಿ ಏನೂ ಇಲ್ಲ. ಆದ್ರೂ ಸಮುದ್ರದ ಗಾಳಿಯಿಂದ ತೇವ ಇದ್ದೇ ಇರುತ್ತೆ.

ಮೂರನೆಯದು, ಹದವಾದ ಮಳೆ, ನಡುವೆ ಸ್ಪಷ್ಟವಾದ ಒಣ ಕಾಲ. ಬ್ಯಾಂಕಾಕ್ ಈ ಗುಂಪಿಗೆ ಸೇರುತ್ತೆ. ವರ್ಷಕ್ಕೆ ಸುಮಾರು 1,500 ಮಿ.ಮೀ. ಮಳೆ. ಮೇ ಮಧ್ಯದಿಂದ ಅಕ್ಟೋಬರ್‌ವರೆಗೆ ಮಳೆಗಾಲ, ಸೆಪ್ಟೆಂಬರ್‌ನಲ್ಲಿ ಜೋರು. ನವೆಂಬರ್‌ನಿಂದ ಫೆಬ್ರವರಿವರೆಗೆ ಒಣ. ಪುಸ್ತಕದ ವರ್ಗೀಕರಣದಲ್ಲಿ ನಮ್ಮ ಬೆಂಗಳೂರನ್ನೂ ಇದೇ ಗುಂಪಿಗೆ ಹಾಕ್ತಾರೆ. ಮೋಸ ಆಗೋದು ಇಲ್ಲೇ.

ಬ್ಯಾಂಕಾಕ್ ಸಮುದ್ರಮಟ್ಟದಿಂದ ಒಂದೆರಡು ಮೀಟರ್ ಎತ್ತರದಲ್ಲಿದೆ ಅಷ್ಟೆ. ಬೆಂಗಳೂರು 900 ಮೀಟರ್ ಮೀರಿ. ನಮ್ಮ ಗುಬ್ಬಿ 700 ಮೀಟರ್‌ಗೂ ಮೇಲೆ. ಸಾವಿರ ಮೀಟರ್ ಮೇಲೇರಿದರೆ ಸುಮಾರು ಆರೂವರೆ ಡಿಗ್ರಿ ತಂಪಾಗುತ್ತೆ ಅನ್ನೋದು ಒರಟು ಲೆಕ್ಕ. ಮಳೆಯಂತೂ ನಮ್ಮಲ್ಲಿ 600ರಿಂದ 700 ಮಿ.ಮೀ., ಅಂದ್ರೆ ಬ್ಯಾಂಕಾಕ್‌ನ ಅರ್ಧಕ್ಕೂ ಕಡಿಮೆ. ಹೀಗಿರುವಾಗ ನಕ್ಷೆ ಮೇಲೆ ಒಂದೇ ಗೆರೆಯಲ್ಲಿದ್ದರೆ ಏನು ಬಂತು?

ಸೆಖೆ ಬೇರೆ, ಬಿಸಿಲು ಬೇರೆ

ಮೊದಲ ದಿನ ಮಧ್ಯಾಹ್ನ ಸ್ಕೈಟ್ರೇನ್ ಇಳಿದು ಬೀದಿಗೆ ಬಂದೆ. ಫೋನು 35 ಡಿಗ್ರಿ ತೋರಿಸ್ತಿತ್ತು. ನಮ್ಮೂರಲ್ಲಿ ಏಪ್ರಿಲ್‌ನಲ್ಲಿ 37 ಕಂಡವನಿಗೆ ಇದೇನು ಮಹಾ ಅಂದುಕೊಂಡೆ. ಹತ್ತು ನಿಮಿಷಕ್ಕೆ ಅಂಗಿ ಒದ್ದೆ. ಬೆವರು ಆರೋದೇ ಇಲ್ಲ. ನಮ್ಮಲ್ಲಿ ಬಿಸಿಲಿಗೆ ತುಟಿ ಒಡೆಯುತ್ತೆ, ಅಲ್ಲಿ ಕನ್ನಡಕದ ಮೇಲೆ ಹಬೆ ಕೂರುತ್ತೆ.

ನಮ್ಮ ಭಾಷೆಯಲ್ಲಿ ಇದಕ್ಕೆ ಎರಡು ಪದ ಮೊದಲೇ ಇವೆ. ಒಂದು ಬಿಸಿಲು, ಇನ್ನೊಂದು ಸೆಖೆ. ಗಿಡಕ್ಕೆ ಈ ಎರಡೂ ಒಂದಲ್ಲ.

ಗಾಳಿ ಒಂದು ಡಬ್ಬಿ ಅಂದ್ಕೊಳ್ಳಿ. 36 ಡಿಗ್ರಿಯಲ್ಲಿ ಆ ಡಬ್ಬಿ 100 ಪಾಲು ನೀರಾವಿ ಹಿಡಿಯುತ್ತೆ. ಬ್ಯಾಂಕಾಕ್‌ನ ಬೇಸಿಗೆ ಮಧ್ಯಾಹ್ನ ಆರ್ದ್ರತೆ ಶೇ. 55 ಇದ್ದರೆ ಡಬ್ಬಿಯಲ್ಲಿ ಇನ್ನು 45 ಪಾಲು ಖಾಲಿ. ನಮ್ಮ ಬಯಲುಸೀಮೆಯ ಮಾರ್ಚ್-ಏಪ್ರಿಲ್ ಮಧ್ಯಾಹ್ನ ಆರ್ದ್ರತೆ ಶೇ. 25ಕ್ಕೆ ಇಳಿದರೆ 75 ಪಾಲು ಖಾಲಿ. ಆ ಖಾಲಿ ಜಾಗ ಎಷ್ಟಿರುತ್ತೋ ಅಷ್ಟು ಜೋರಾಗಿ ಗಾಳಿ ಎಲೆಯಿಂದ ನೀರು ಎಳೆಯುತ್ತೆ. ಉಷ್ಣಾಂಶ ಒಂದೇ ಇದ್ದರೂ ನಮ್ಮ ಗಾಳಿಯ ಎಳೆತ ಅಲ್ಲಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು. ವಿಜ್ಞಾನಿಗಳು ಇದನ್ನು ಆವಿಯ ಒತ್ತಡದ ಕೊರತೆ ಅಂತಾರೆ.

ರಂಬುಟಾನ್, ಮ್ಯಾಂಗೋಸ್ಟೀನ್, ಡುರಿಯನ್ ಮೂರೂ ಮಲೇಷ್ಯಾ-ಇಂಡೋನೇಷ್ಯಾ ಕಡೆಯ ತೇವದ ಕಾಡಿನಲ್ಲಿ ಹುಟ್ಟಿದ ಗಿಡ. ದೊಡ್ಡ ಎಲೆ, ಮೇಲ್ಮಟ್ಟದ ಬೇರು. ಒಣ ಗಾಳಿ ಬೀಸಿದರೆ ಬೇರು ಎಷ್ಟೇ ನೀರು ಕುಡಿದರೂ ಎಲೆಗೆ ಸಾಲಲ್ಲ. ಎಲೆಯ ಅಂಚು ಕಂದು ಬಣ್ಣಕ್ಕೆ ತಿರುಗುತ್ತೆ, ಹೊಸ ಚಿಗುರು ಸುಟ್ಟಂತಾಗುತ್ತೆ. ನಾನು ಮಾಡಿದ್ದೇನು ಗೊತ್ತಾ? ಎಲೆ ಒಣಗಿದೆ, ನೀರು ಸಾಲ್ತಿಲ್ಲ ಅಂತ ಡ್ರಿಪ್ ಎರಡು ಗಂಟೆ ಬದಲು ನಾಲ್ಕು ಗಂಟೆ ಬಿಟ್ಟೆ. ಮೇಲೆ ಎಲೆ ಒಣಗ್ತಾ, ಕೆಳಗೆ ಬೇರು ಕೊಳೀತಾ ಗಿಡ ಹೋದವು. ಅದು ನೀರಿನ ಕೊರತೆ ಆಗಿರಲಿಲ್ಲ, ಗಾಳಿಯ ತೇವದ ಕೊರತೆ.

ರಾತ್ರಿಯ ಲೆಕ್ಕ

ಎರಡನೇ ದಿನ ರಾತ್ರಿ ಹನ್ನೊಂದಕ್ಕೆ ಊಟ ಮುಗಿಸಿ ಹೊರಗೆ ಬಂದರೆ ಇನ್ನೂ 29 ಡಿಗ್ರಿ. ಕಾಂಕ್ರೀಟು ಹಗಲೆಲ್ಲಾ ಕಾದು ರಾತ್ರಿ ಬಿಸಿ ಬಿಡ್ತಾ ಇತ್ತು. ನಗರದ ಹೊರಗೆ ತೋಟದಲ್ಲಿ ಇದಕ್ಕಿಂತ ಸ್ವಲ್ಪ ತಂಪು. ಹಾಗಾಗಿ ಫೋನಿನಲ್ಲಿ ದೊಡ್ಡ ನಗರದ ಅಂಕಿ ನೋಡುವಾಗ ಒಂದೆರಡು ಡಿಗ್ರಿ ವ್ಯತ್ಯಾಸ ಲೆಕ್ಕಕ್ಕಿಟ್ಟುಕೊಳ್ಳಿ.

ಬ್ಯಾಂಕಾಕ್‌ನಲ್ಲಿ ಚಳಿಗಾಲ ಅನ್ನೋ ಡಿಸೆಂಬರ್-ಜನವರಿಯಲ್ಲೂ ರಾತ್ರಿಯ ಸರಾಸರಿ 21-22 ಡಿಗ್ರಿ. ನಮ್ಮ ಕಡೆ ಅದೇ ಸಮಯದಲ್ಲಿ 15-16, ಕೆಲವು ರಾತ್ರಿ ಇನ್ನೂ ಕಡಿಮೆ. ನನ್ನ ಡುರಿಯನ್ ಗಿಡಗಳು ಮೊದಲ ಮಳೆಗಾಲದಲ್ಲಿ ಚೆನ್ನಾಗಿ ಚಿಗುರಿದ್ದವು. ಡಿಸೆಂಬರ್ ಬಂತು, ಬೆಳವಣಿಗೆ ನಿಂತೇ ಹೋಯ್ತು. ಚಳಿಯಲ್ಲಿ ನಿಂತ ಗಿಡ ಮೈ ಕೊಡವಿ ಏಳೋ ಹೊತ್ತಿಗೆ ಮಾರ್ಚ್‌ನ ಒಣ ಗಾಳಿ. ಅಂದ್ರೆ ವರ್ಷದಲ್ಲಿ ಅದಕ್ಕೆ ಸಿಕ್ಕಿದ್ದು ಐದಾರು ಒಳ್ಳೆ ತಿಂಗಳು ಮಾತ್ರ.

ಆದ್ರೆ ನಮ್ಮ ಚಳಿಯನ್ನು ಬರೀ ಬೈಯೋದೂ ತಪ್ಪು. ಲಿಚ್ಚಿ, ಲಾಂಗನ್, ಮಾವು ಇವಕ್ಕೆ ಹೂ ಬಿಡೋಕೆ ಒಂದಿಷ್ಟು ತಂಪು ಬೇಕು. ಬ್ಯಾಂಕಾಕ್ ಪಕ್ಕದ ಸಮುತ್ ಸೊಂಗ್‌ಖ್ರಾಮ್‌ನಲ್ಲಿ ತಗ್ಗುನಾಡಿಗೆ ಹೊಂದಿದ ಒಂದು ಲಿಚ್ಚಿ ತಳಿ ಇದೆ. ಚಳಿ ಸರಿಯಾಗಿ ಬೀಳದ ವರ್ಷ ಅಲ್ಲಿ ಹೂವೇ ಬರಲ್ಲ, ಬೆಳೆಗಾರರು ಬರಿಗೈ. ಒಂದು ಗಿಡಕ್ಕೆ ಶತ್ರುವಾದದ್ದು ಇನ್ನೊಂದಕ್ಕೆ ಮಿತ್ರ.

ಬ್ಯಾಂಕಾಕ್ ಅಂಗಡಿ, ತೋಟ ಅಲ್ಲ

ಮೂರನೇ ದಿನ ಬೆಳಿಗ್ಗೆ ಓರ್ ತೋರ್ ಕೋರ್ ಮಾರುಕಟ್ಟೆಗೆ ಹೋದೆ. ಕಂಫಾಂಗ್ ಫೆಟ್ ಮೆಟ್ರೋ ನಿಲ್ದಾಣದ ಪಕ್ಕದಲ್ಲೇ ಇದೆ. ಹಣ್ಣು ಬೆಳೆಯುವವರು ಬ್ಯಾಂಕಾಕ್‌ಗೆ ಹೋದ್ರೆ ಇದನ್ನು ಬಿಡಬೇಡಿ. ಒಂದೊಂದು ಹಣ್ಣನ್ನೂ ಗಾತ್ರಕ್ಕೆ ತಕ್ಕಂತೆ ಆರಿಸಿ, ಒರೆಸಿ, ಜೋಡಿಸಿಟ್ಟಿರ್ತಾರೆ. ಮೊನ್‌ಥಾಂಗ್ ಡುರಿಯನ್, ಆ ಹೆಸರಿನ ಅರ್ಥ ಚಿನ್ನದ ದಿಂಬು. ನಾಮ್ ಡಾಕ್ ಮಾಯ್ ಮಾವು, ಅಂಟನ್ನದ ಜೊತೆ. ಕೆಂಪು ರಂಬುಟಾನ್, ಮ್ಯಾಂಗೋಸ್ಟೀನ್, ಚಕ್ಕೋತ, ವಾಟರ್ ಆ್ಯಪಲ್.

ಡುರಿಯನ್ ಅಂಗಡಿಯ ಅಕ್ಕ ಕೋಲಿನಿಂದ ಕಾಯಿಗೆ ತಟ್ಟಿ ತಟ್ಟಿ ಶಬ್ದ ಕೇಳ್ತಿದ್ದರು. ನಮ್ಮಲ್ಲಿ ಹಲಸಿನಕಾಯಿಗೆ ಬೆರಳಲ್ಲಿ ಬಡಿದು ನೋಡ್ತೀವಲ್ಲ, ಹಾಗೇ. ನಾನು ಫೋನಿನ ಅನುವಾದದಲ್ಲಿ ಕೇಳಿದೆ: ಇದು ಬ್ಯಾಂಕಾಕ್‌ನಲ್ಲಿ ಬೆಳೆದಿದ್ದಾ? ಅವರು ನಕ್ಕು ಒಂದೇ ಪದ ಹೇಳಿದರು: ಚಂಥಬುರಿ.

ಆಮೇಲೆ ಒಂದೊಂದು ಅಂಗಡಿಯಲ್ಲೂ ಅದೇ ಪ್ರಶ್ನೆ ಕೇಳ್ತಾ ಹೋದೆ. ಡುರಿಯನ್, ಮ್ಯಾಂಗೋಸ್ಟೀನ್ ಚಂಥಬುರಿ, ರಯೋಂಗ್ ಕಡೆಯಿಂದ. ಅದು ದೇಶದ ಪೂರ್ವ ಕರಾವಳಿ, ಬೆಟ್ಟದ ಬುಡ, ಚಂಥಬುರಿಯಲ್ಲಂತೂ ಮಳೆ ಬ್ಯಾಂಕಾಕ್‌ಗಿಂತ ಬಹಳ ಜಾಸ್ತಿ. ಲಾಂಗನ್‌ಗೆ ಹೆಸರಾದದ್ದು ಉತ್ತರದ ಚಿಯಾಂಗ್ ಮಾಯ್, ಲಂಫೂನ್, ಚಳಿ ಬೀಳುವ ಜಾಗ. ಚಕ್ಕೋತ ನಖೋನ್ ಪಥೋಮ್‌ನ ಜೇಡಿಮಣ್ಣಿನಿಂದ. ಒಂದು ಮೇಜಿನ ಮೇಲೆ ಒಟ್ಟಿಗೆ ಕೂತ ಹಣ್ಣುಗಳು ನಾಲ್ಕು ಬೇರೆ ಬೇರೆ ಹವೆಯಿಂದ ಬಂದವು. ನಾನು "ಥಾಯ್ ಹಣ್ಣು" ಅಂತ ಒಂದೇ ಹೆಸರು ಕೊಟ್ಟು, ಒಂದೇ ಎಕರೆಯಲ್ಲಿ ಒಂದೇ ತರ ನೆಟ್ಟಿದ್ದೆ.

ಅಲ್ಲಿಂದಲೇ ಪುತ್ತೂರಿನ ಗೆಳೆಯನಿಗೆ ವಿಡಿಯೊ ಕಾಲ್ ಮಾಡಿದೆ. ಡಿಪ್ಲೊಮಾದಲ್ಲಿ ನನ್ನ ಜೊತೆ ಓದಿದವನು, ಅಡಿಕೆ ತೋಟದ ಅಂಚಿನಲ್ಲಿ ರಂಬುಟಾನ್ ಬೆಳೆದು ಮಾರ್ತಾನೆ. "ನಾನು ಆವತ್ತೇ ಹೇಳಿದ್ದೆ ಮಾರಾಯ, ನಿಮ್ಮಲ್ಲಿ ಗಾಳಿ ಒಣ ಅಂತ. ನೀನು ಕೇಳಿದ್ದಾ?" ಅಂದ. ಕೇಳಿರಲಿಲ್ಲ.

ಒಂದು ಮಾತು ಗಮನಿಸಿ. ಪುತ್ತೂರಿಗೆ ಚಂಥಬುರಿ ಹತ್ತಿರದ ನೆಂಟ: ತಗ್ಗು, ಭಾರಿ ಮಳೆ, ಬೆಚ್ಚಗಿನ ರಾತ್ರಿ. ವ್ಯತ್ಯಾಸ ಅಂದ್ರೆ ನಮ್ಮ ಕರಾವಳಿಯ ಒಣ ಕಾಲ ಉದ್ದ, ಹಾಗಾಗಿ ಜನವರಿಯಿಂದ ಮೇವರೆಗೆ ನೀರು ಕೊಡಲೇಬೇಕು.

ನೊಂಥಬುರಿಯ ದಿಬ್ಬದ ತೋಟ

ಮಧ್ಯಾಹ್ನ ಚಾವ್ ಫ್ರಾಯಾ ನದಿಯ ದೋಣಿ ಹಿಡಿದು ಉತ್ತರಕ್ಕೆ, ನೊಂಥಬುರಿಗೆ ಹೋದೆ. ಬ್ಯಾಂಕಾಕ್‌ಗೆ ಅಂಟಿಕೊಂಡೇ ಇರುವ ಊರು. ಡುರಿಯನ್‌ಗೆ ಬಹಳ ಹಳೆಯ ಹೆಸರು. ಇಲ್ಲಿಯ ಹಣ್ಣು ದೇಶದಲ್ಲೇ ದುಬಾರಿ, ಯಾಕಂದ್ರೆ ಉಳಿದಿರುವ ತೋಟಗಳೇ ಕಡಿಮೆ.

ಇಲ್ಲಿ ಮಣ್ಣು ನದಿಯ ಅಂಟು ಜೇಡಿ, ಒಂದು ಮೊಳ ಅಗೆದರೆ ನೀರು. ಡುರಿಯನ್ ಬೇರಿಗೆ ನಿಂತ ನೀರು ಆಗಲ್ಲ. ಹಾಗಾದ್ರೆ ಬೆಳೆದದ್ದು ಹೇಗೆ? ಉದ್ದುದ್ದ ಕಾಲುವೆ ತೋಡಿ, ಆ ಮಣ್ಣನ್ನೇ ಎತ್ತಿ ಪಕ್ಕಕ್ಕೆ ದಿಬ್ಬ ಮಾಡಿದ್ದಾರೆ. ಗಿಡ ದಿಬ್ಬದ ಮೇಲೆ, ನೀರು ಕಾಲುವೆಯಲ್ಲಿ. ಮಳೆಗಾಲದಲ್ಲಿ ಕಾಲುವೆ ಬಸಿಗಾಲುವೆ, ಬೇಸಿಗೆಯಲ್ಲಿ ಅದೇ ನೀರಿನ ತೊಟ್ಟಿ. ಸಣ್ಣ ದೋಣಿಯಲ್ಲಿ ಪಂಪ್ ಇಟ್ಟು ಕಾಲುವೆಯುದ್ದಕ್ಕೂ ಹೋಗ್ತಾ ಎರಡೂ ಬದಿಗೆ ನೀರು ಹಾರಿಸ್ತಾರೆ. ಕಾಲುವೆಯ ಕೆಸರನ್ನು ಮತ್ತೆ ದಿಬ್ಬಕ್ಕೆ ಏರಿಸ್ತಾರೆ, ಅದೇ ಗೊಬ್ಬರ.

ಇನ್ನೊಂದು ನೋಡಿ ನಾನು ನಿಂತೇಬಿಟ್ಟೆ. ಡುರಿಯನ್ ಮರಗಳ ನಡುವೆ ಹಾಲುವಾಣದ ಮರಗಳು! ನಮ್ಮ ಮಲೆನಾಡಿನವರು ಕಾಫಿಗೆ ನೆರಳು ಅಂತ, ಮೆಣಸಿನ ಬಳ್ಳಿಗೆ ಆಸರೆ ಅಂತ ನೆಡ್ತಾರಲ್ಲ, ಅದೇ ಜಾತಿ. ಅದು ನೆರಳು ಕೊಡುತ್ತೆ, ಬೇರಿನ ಗಂಟಿನಲ್ಲಿ ಸಾರಜನಕ ಕಟ್ಟುತ್ತೆ, ಎಲೆ ಉದುರಿಸಿ ಮಣ್ಣು ಮುಚ್ಚುತ್ತೆ, ಜೊತೆಗೆ ಒಳಗಿನ ಗಾಳಿಯನ್ನು ತೇವವಾಗಿ ಇಡುತ್ತೆ. ಸುತ್ತ ಬಾಳೆ, ಅಡಿಕೆ. ಡುರಿಯನ್ ಎಲ್ಲೂ ಒಂಟಿಯಾಗಿ ಬಯಲಲ್ಲಿ ನಿಂತಿರಲಿಲ್ಲ.

ತೋಟದ ಯಜಮಾನರಿಗೆ ಎಪ್ಪತ್ತು ದಾಟಿರಬೇಕು. ನಾನು ನನ್ನ ಫೋನಿನಲ್ಲಿದ್ದ ಸತ್ತ ಗಿಡಗಳ ಚಿತ್ರ ತೋರಿಸಿದೆ. ಬೋಳು ಎಕರೆ, ಕಪ್ಪು ನೆರಳುಪರದೆ, ಒಣಗಿದ ಕಡ್ಡಿ. ಅವರು ತುಂಬಾ ಹೊತ್ತು ನೋಡಿ ಫೋನಿಗೆ ಏನೋ ಹೇಳಿದರು. ಅನುವಾದ ಬಂತು: "ಮೊದಲು ಮನೆ ಕಟ್ಟಬೇಕಿತ್ತು, ಆಮೇಲೆ ಮಗುವನ್ನು ತರಬೇಕಿತ್ತು."

ಹೊರಡುವಾಗ ಮರವಿಲ್ಲದ ಒಂದು ದಿಬ್ಬ ತೋರಿಸಿದರು. 2011ರ ಮಹಾಪ್ರವಾಹದಲ್ಲಿ ವಾರಗಟ್ಟಲೆ ನೀರು ನಿಂತು ಈ ಭಾಗದ ಡುರಿಯನ್ ತೋಟಗಳು ಬಹುಪಾಲು ನಾಶವಾದವು. ಅವರದ್ದೂ ಹೋಗಿತ್ತು. ಮತ್ತೆ ನೆಟ್ಟಿದ್ದಾರೆ. ಮಳೆ ಕಡಿಮೆಯಾದ ವರ್ಷ ಇನ್ನೊಂದು ಕಾಟ: ನದಿಯಲ್ಲಿ ಸಮುದ್ರದ ಉಪ್ಪುನೀರು ಮೇಲೇರಿ ಬರುತ್ತೆ. ಉಪ್ಪು ತಾಗಿದರೆ ಎಲೆ ಅಂಚು ಸುಡುತ್ತೆ. ಅದಕ್ಕೇ ಕಾಲುವೆಗೆ ನೀರು ಬಿಡೋ ಮೊದಲು ಅಳೀತಾರೆ. ನಮ್ಮ ಬೋರ್‌ವೆಲ್ ನೀರಿನಲ್ಲೂ ಲವಣ ಇರುತ್ತೆ. ನಾನು ನಾಲ್ಕು ವರ್ಷ ಅಳೆದೇ ಇರಲಿಲ್ಲ ಅನ್ನೋದು ಆಗ ಹೊಳೀತು.

ಹೂವಿಗೆ ಒಂದು ಒಣ ಕಾಲ ಬೇಕು

ಹಾಗಾದ್ರೆ ಮಳೆ ಜಾಸ್ತಿ ಇದ್ದಷ್ಟೂ ಒಳ್ಳೇದಾ? ಅಲ್ಲ. ಗಿಡ ಬದುಕೋದು ಒಂದು, ಹೂ ಬಿಡೋದು ಇನ್ನೊಂದು. ಡುರಿಯನ್, ಮ್ಯಾಂಗೋಸ್ಟೀನ್, ರಂಬುಟಾನ್ ಎಲ್ಲಕ್ಕೂ ಹೂವಿಗೆ ಮೊದಲು ಸ್ವಲ್ಪ ಬಾಯಾರಿಕೆ ಬೇಕು. ಎಲೆ ಬಲಿತ ಮರಕ್ಕೆ ಎರಡು ಮೂರು ವಾರ ನೀರು ತಡೆದು, ಆಮೇಲೆ ಕೊಟ್ಟರೆ ಮೊಗ್ಗು ಹೊರಡುತ್ತೆ. ಪೂರ್ವ ಥಾಯ್ಲೆಂಡ್‌ನಲ್ಲಿ ವರ್ಷಾಂತ್ಯದ ಒಣ ದಿನಗಳು ಈ ಕೆಲಸ ಮಾಡ್ತವೆ. ಹಣ್ಣು ಮೇ-ಜೂನ್‌ಗೆ ಬರುತ್ತೆ.

ಅದೇ ಸಿಂಗಪುರದಂಥ ಕಡೆ ಒಣ ಕಾಲವೇ ಇಲ್ಲದ್ದಕ್ಕೆ ಮಾವು ಸರಿಯಾಗಿ ಹೂ ಬಿಡಲ್ಲ, ಬಿಟ್ಟ ಹೂವೂ ಮಳೆಗೆ ಕರಗುತ್ತೆ. ನಮ್ಮ ಕೋಲಾರ, ಶ್ರೀನಿವಾಸಪುರದಲ್ಲಿ ಮಾವು ತೂಗೋದಕ್ಕೆ ಕಾರಣ ನಾವು ಬೈಯುವ ಆ ಒಣ ಹವೆಯೇ.

ಲಾಂಗನ್‌ಗೆ ಚಳಿಯಿಲ್ಲದೆಯೂ ಹೂ ತರಿಸೋಕೆ ಥಾಯ್ ಬೆಳೆಗಾರರು ಪೊಟ್ಯಾಶಿಯಂ ಕ್ಲೋರೇಟ್ ಬಳಸ್ತಾರೆ. ಯೂಟ್ಯೂಬ್‌ನಲ್ಲಿ ನೋಡಿ ಯಾರೂ ಇದಕ್ಕೆ ಕೈ ಹಾಕಬೇಡಿ. ಅದು ಸ್ಫೋಟಕ ತಯಾರಿಸುವ ವಸ್ತು. 1999ರಲ್ಲಿ ಚಿಯಾಂಗ್ ಮಾಯ್ ಪ್ರಾಂತ್ಯದ ಒಂದು ಲಾಂಗನ್ ಕಾರ್ಖಾನೆಯಲ್ಲಿ ಇದೇ ರಾಸಾಯನಿಕ ಸಿಡಿದು ಮೂವತ್ತಕ್ಕೂ ಹೆಚ್ಚು ಜನ ಸತ್ತರು.

ಬ್ಯಾಗಿನಲ್ಲಿ ಗಿಡ ತರಬೇಡಿ

ಕೊನೆಯ ದಿನ ಚತುಚಕ್‌ನ ಗಿಡದ ಸಂತೆ. ಕಸಿ ಡುರಿಯನ್, ಕಸಿ ರಂಬುಟಾನ್, ನಮ್ಮ ನರ್ಸರಿ ಬೆಲೆಗಿಂತ ಬಹಳ ಕಡಿಮೆಗೆ. ಬೇರಿನ ಮಣ್ಣು ತೊಳೆದು, ಪೇಪರ್ ಸುತ್ತಿ ಕೊಡ್ತೀವಿ ಅಂತಾನೂ ಅಂದರು. ಕೈ ಕಡಿಯಿತು, ಸುಳ್ಳು ಹೇಳಲ್ಲ. ಆದ್ರೆ ತರಲಿಲ್ಲ. ನಮ್ಮ ದೇಶದ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ ಮತ್ತು ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಗಿಡವಾಗಲಿ ಬೀಜವಾಗಲಿ ತರುವ ಹಾಗಿಲ್ಲ. ಕಾನೂನಿನ ಮಾತು ಬಿಡಿ. ಡುರಿಯನ್ ಬೇರು ಕೊಳೆಸುವ ಫೈಟಾಫ್ತೊರಾ ನಮ್ಮ ಅಡಿಕೆಯ ಕೊಳೆರೋಗ ತರುವ ಕುಲಕ್ಕೇ ಸೇರಿದ್ದು. ಒಂದು ಅಗ್ಗದ ಗಿಡದ ಆಸೆಗೆ ಊರಿನ ಅಡಿಕೆಗೆ ಹೊಸ ರೋಗ ತಂದರೆ ಯಾರು ಹೊಣೆ?

ಒಳ್ಳೆ ಗಿಡ ನಮ್ಮಲ್ಲೂ ಇದೆ. ಕೊಡಗಿನ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ರಂಬುಟಾನ್‌ನಲ್ಲಿ ಅರ್ಕಾ ಕೂರ್ಗ್ ಅರುಣ್ ಎಂಬ ಕೆಂಪು ತಳಿ, ಅರ್ಕಾ ಕೂರ್ಗ್ ಪೀತಾಭ್ ಎಂಬ ಹಳದಿ ತಳಿ ಬಿಡುಗಡೆ ಮಾಡಿದೆ. ರಂಬುಟಾನ್‌ನಲ್ಲಿ ಕಸಿ ಗಿಡವನ್ನೇ ತಗೊಳ್ಳಿ, ಬೀಜದ ಗಿಡದಲ್ಲಿ ಗಂಡು ಬಂದರೆ ಕಾಯಿಯೇ ಇಲ್ಲ. ಮ್ಯಾಂಗೋಸ್ಟೀನ್ ಬೀಜದಿಂದಲೂ ತಾಯಿಯಂತೆಯೇ ಬರುತ್ತೆ, ಆದ್ರೆ ಫಲಕ್ಕೆ ಏಳೆಂಟು ವರ್ಷವಾದರೂ ಕಾಯಬೇಕು.

ಬಂದು ನಾನು ಮಾಡಿದ್ದು

ಊರಿಗೆ ಬಂದು ಉಳಿದ 14 ಗಿಡ ಎಲ್ಲೆಲ್ಲಿವೆ ಅಂತ ಮೊದಲ ಸಲ ಲೆಕ್ಕ ಹಾಕಿದೆ. 60ರಲ್ಲಿ 45 ಗಿಡ ಬಯಲು ಎಕರೆಯಲ್ಲಿ ನೆಟ್ಟಿದ್ದೆ, ಅದರಲ್ಲಿ ಉಳಿದದ್ದು 3. ಜಾಗ ಸಾಲದೆ 15 ಗಿಡ ಹಳೇ ಅಡಿಕೆ ತೋಟದೊಳಗೆ ನೆಟ್ಟಿದ್ದೆ, ಅದರಲ್ಲಿ ಉಳಿದದ್ದು 11. ಒಂಬತ್ತು ರಂಬುಟಾನ್, ಎರಡು ಮ್ಯಾಂಗೋಸ್ಟೀನ್. ಅದೇ ಊರು, ಅದೇ ಬೋರ್, ಅದೇ ಗೊಬ್ಬರ. ವ್ಯತ್ಯಾಸ ಬರೀ ನೆರಳು, ಗಾಳಿತಡೆ, ತೇವ. ಉತ್ತರ ನನ್ನ ತೋಟದಲ್ಲೇ ಇತ್ತು, ನಾನು ನೋಡೋಕೆ ಬ್ಯಾಂಕಾಕ್‌ಗೆ ಹೋಗಬೇಕಾಯ್ತು.

ಬಯಲಿನ ಮೂರು ಗಿಡ ಕಿತ್ತೆ. ಆ ಎಕರೆಗೆ ಸೀಬೆ ಮತ್ತು ಅಂಚಿಗೆ ಹಲಸು ಹಾಕಿದ್ದೀನಿ. ಸೀಬೆಯ ಪಾಠವೂ ಬ್ಯಾಂಕಾಕ್‌ನದ್ದೇ. ಅಲ್ಲಿ ಬೀದಿ ಗಾಡಿಗಳಲ್ಲಿ ಗರಿಗರಿ ದೋರೆ ಸೀಬೆ ಹೆಚ್ಚಿ, ಸಕ್ಕರೆ-ಉಪ್ಪು-ಖಾರದಪುಡಿ ಜೊತೆ ಪೊಟ್ಟಣ ಕಟ್ಟಿ ಮಾರ್ತಾರೆ. ಕಾಯಿ ಎಳೆಯದಿದ್ದಾಗಲೇ ಚೀಲ ಕಟ್ಟೋದ್ರಿಂದ ಹಣ್ಣುನೊಣ ಇಲ್ಲ, ಕಲೆ ಇಲ್ಲ. ತರಬೇಕಾದದ್ದು ಅವರ ಗಿಡವಲ್ಲ, ಅವರ ಕೈಕೆಲಸ.

ಅಡಿಕೆ ತೋಟದ 11 ಗಿಡ ಹಾಗೇ ಇಟ್ಟಿದ್ದೀನಿ. ಬುಡಕ್ಕೆ ದಿಬ್ಬ, ಅರ್ಧ ಅಡಿ ಮುಚ್ಚಿಗೆ, ಡ್ರಿಪ್ ಕಡಿಮೆ, ಬೇಸಿಗೆಯಲ್ಲಿ ಮಧ್ಯಾಹ್ನ ಹತ್ತು ನಿಮಿಷ ಮಂಜಿನಂಥ ಸ್ಪ್ರಿಂಕ್ಲರ್. ಪಶ್ಚಿಮಕ್ಕೆ ಬಾಳೆಯ ಎರಡು ಸಾಲು. ಈ ಸಲ ಮೂರು ರಂಬುಟಾನ್ ಹೂ ಬಿಟ್ಟವು, ಒಂದರಲ್ಲಿ ನಲವತ್ತು ಚಿಲ್ಲರೆ ಕಾಯಿ ನಿಂತಿವೆ. ಇದು ಆದಾಯ ಅಂತ ನಾನು ಹೇಳಲ್ಲ. ಅಮ್ಮನ ಬಳೆ ಬಿಡಿಸಿದ್ದು ಕೊಬ್ಬರಿ ದುಡ್ಡಿನಿಂದ.

ನೆಡುವ ಮೊದಲು ಐದು ಪ್ರಶ್ನೆ

ಯಾವುದೇ ಹೊರಗಿನ ಹಣ್ಣು ಹಾಕೋ ಮೊದಲು ಫೋನ್ ತೆಗೆದು ಈ ಐದಕ್ಕೆ ಉತ್ತರ ಬರೆದುಕೊಳ್ಳಿ.

1. ಹಣ್ಣು ಮಾರುವ ನಗರ ಬೇಡ, ಬೆಳೆಯುವ ಜಿಲ್ಲೆ ಯಾವುದು? ಆ ಜಿಲ್ಲೆಯ ಎತ್ತರ ಎಷ್ಟು, ನಿಮ್ಮದು ಎಷ್ಟು? ಎರಡರ ನಡುವೆ ಐನೂರು ಮೀಟರ್ ಮೀರಿದ ಅಂತರವಿದ್ದರೆ ಅಲ್ಲೇ ನಿಂತು ಯೋಚಿಸಿ.

2. ವರ್ಷದ ಒಟ್ಟು ಮಳೆ ಅಲ್ಲ, ತಿಂಗಳ ಮಳೆ ಎಷ್ಟು? ಸತತವಾಗಿ ಎಷ್ಟು ತಿಂಗಳು 50 ಮಿ.ಮೀ.ಗಿಂತ ಕಡಿಮೆ? ಅಷ್ಟೂ ತಿಂಗಳು ಕೊಡುವಷ್ಟು ನೀರು ನಿಮ್ಮ ಬೋರ್‌ನಲ್ಲಿ ಇದೆಯಾ? ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ. ನಗರದ ಅಂಕಿ ಬಿಟ್ಟು ನಿಮ್ಮ ಪಂಚಾಯಿತಿ, ಹೋಬಳಿಯ ಅಂಕಿ ನೋಡಿ.

3. ಜನವರಿಯ ರಾತ್ರಿ ಎಷ್ಟು ತಂಪು? ಆ ಗಿಡಕ್ಕೆ ತಂಪು ಬೇಕಾ, ಬೇಡವಾ?

4. ಮಾರ್ಚ್-ಏಪ್ರಿಲ್‌ನ ಮಧ್ಯಾಹ್ನ ಎರಡು ಗಂಟೆಗೆ ಆರ್ದ್ರತೆ ಎಷ್ಟು? ಫೋನ್ ತೋರಿಸುವ ದಿನದ ಸರಾಸರಿ ನಂಬಬೇಡಿ, ಬೆಳಗಿನ ಇಬ್ಬನಿ ಅದನ್ನು ಏರಿಸಿರುತ್ತೆ. ಅಗ್ಗದ ಆರ್ದ್ರತೆ ಮಾಪಕ ತಂದು ಒಂದನ್ನು ಬಯಲಲ್ಲಿ ನೆರಳು ಮಾಡಿ, ಇನ್ನೊಂದನ್ನು ತೋಟದೊಳಗೆ ನೇತುಹಾಕಿ ಒಂದು ಬೇಸಿಗೆ ಬರೆದಿಡಿ. ಆ ಎರಡು ಅಂಕಿಯ ವ್ಯತ್ಯಾಸವೇ ಗಿಡ ಎಲ್ಲಿ ನೆಡಬೇಕು ಅಂತ ಹೇಳುತ್ತೆ.

5. ಮಣ್ಣು ಬಸಿಯುತ್ತಾ, ನೀರಿನಲ್ಲಿ ಲವಣ ಎಷ್ಟು? ಎರಡಡಿ ಗುಂಡಿಗೆ ನೀರು ತುಂಬಿ ಎಷ್ಟು ಹೊತ್ತಿಗೆ ಇಂಗುತ್ತೆ ನೋಡಿ, ಮರುದಿನವೂ ನಿಂತಿದ್ದರೆ ದಿಬ್ಬ ಮಾಡದೆ ನೆಡಬೇಡಿ. ನೀರನ್ನು ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ.

ಐದರಲ್ಲಿ ಎರಡಕ್ಕೆ ಉತ್ತರ ಸರಿ ಬರದಿದ್ದರೆ ಅರವತ್ತು ಬೇಡ, ಐದು ಗಿಡ ಹಾಕಿ. ಮೂರು ಬೇಸಿಗೆ ದಾಟಿದರೆ ಆಮೇಲೆ ಮುಂದಿನ ಮಾತು. ನಾನು ಐದು ಗಿಡ ಹಾಕಿ ನೋಡಿದ್ದರೆ ನಷ್ಟ ಹತ್ತು ಸಾವಿರದೊಳಗೆ ಮುಗೀತಿತ್ತು.

ಮೊನ್ನೆ ಅಪ್ಪ ಅಡಿಕೆ ತೋಟಕ್ಕೆ ಹೋಗಿ ಆ ನಲವತ್ತು ಕಾಯಿ ಬಿಟ್ಟ ರಂಬುಟಾನ್ ಮುಂದೆ ನಿಂತಿದ್ದರು. "ಇದು ಹಣ್ಣಾಗೋದು ಯಾವಾಗ?" ಅಂತ ಕೇಳಿದರು. ಇಷ್ಟು ವರ್ಷದಲ್ಲಿ ಈ ಗಿಡಗಳ ಬಗ್ಗೆ ಅವರು ಕೇಳಿದ ಮೊದಲ ಪ್ರಶ್ನೆ ಅದು. ಇನ್ನೆರಡು ತಿಂಗಳು ಅಂದೆ. "ಹಕ್ಕಿ ಬರ್ತವೆ, ಬಲೆ ಕಟ್ಟು" ಅಂದು ಹೋದರು. ನಾಳೆ ಬಲೆ ತರಬೇಕು.